ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ

ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲಾ ಎಂಬ ಜೈನ ಗ್ರಂಥದ ತಾಳೆಗರಿಗಳ ಲಿಪಿ ಹಳಗನ್ನಡದ್ದು. ಭಾಷೆ ಮಾತ್ರ ಸಂಸ್ಕೃತ ಬೆರೆತ ಪ್ರಾಕೃತ. ಲಿಪಿ ಬಲ್ಲವನು ಗರಿಯನ್ನು ಸರಾಗವಾಗಿ ಓದಿಯಾನು, ಆದರೆ ಅರ್ಥ ಕೈಗೆ ಸಿಗದು. ಪದಗಳ ನಡುವೆ ತೆರಪಿಲ್ಲದ ಬರವಣಿಗೆ ಬೇರೆ.

ಅಲ್ಲಿಂದ ಸ್ವಲ್ಪವೇ ದೂರದ ಮಿಜಾರಿನಲ್ಲಿ, ಬೆಳ್ತಂಗಡಿ ಕಡೆಯ ಉಜಿರೆಯಲ್ಲಿ, ಬಂಟ್ವಾಳದ ಬೆಂಜನಪದವಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಕಲಿತವರಲ್ಲಿ ಯಾರಾದರೂ ಜರ್ಮನಿಯ ಸ್ಯಾಪ್ ಕಂಪನಿಯ ವ್ಯವಹಾರ ತಂತ್ರಾಂಶದ ಕೆಲಸಕ್ಕೆ ಸೇರಿದರೆ ಎದುರಾಗುವ ಪ್ರೋಗ್ರಾಮಿಂಗ್ ಭಾಷೆ ಅಬಾಪ್. ಅದರಲ್ಲಿ ‘ಕುನ್ನರ್’ ಎಂದರೆ ಗ್ರಾಹಕ ಸಂಖ್ಯೆ, ‘ಬುಕರ್ಸ್’ ಎಂದರೆ ಕಂಪನಿ ಕೋಡ್. ಎರಡೂ ಜರ್ಮನ್ ಪದಗಳ ಮೊಟಕು ರೂಪ. ಎ, ಬಿ, ಸಿ, ಡಿ ಬಲ್ಲ ನಮ್ಮ ಹುಡುಗಿ ಅವನ್ನು ಉಚ್ಚರಿಸುತ್ತಾಳೆ, ಬಾಯಿಪಾಠ ಮಾಡುತ್ತಾಳೆ. ಜರ್ಮನ್ ಬಾರದ್ದರಿಂದ ಬಿಡಿಸಿಕೊಳ್ಳಲಾರಳು. ತಾಳೆಗರಿಯ ಮುಂದೆ ಕೂತವನ ಪಾಡೇ ಇದು.

ವ್ಯವಹಾರದ ಪ್ರೋಗ್ರಾಮಿಂಗ್ ಭಾಷೆಗಳು ‘ಓದಬಹುದಾದವು’ ಎಂಬ ಹೆಗ್ಗಳಿಕೆಯನ್ನು ಈ ಕಣ್ಣಿಂದಲೇ ನೋಡಬೇಕು. ಆ ಹೆಗ್ಗಳಿಕೆ ಹರಡಿದ್ದು 1959ರಲ್ಲಿ ರೂಪುಗೊಂಡ ಕೋಬಾಲ್‌ನಿಂದ. ಲೆಕ್ಕಪತ್ರದವರೂ ಓದುವಂತಿರಲಿ ಎಂದು ಅದು ಇಂಗ್ಲಿಷ್ ವಾಕ್ಯದ ವೇಷ ತೊಟ್ಟಿತು. ಆದರೆ ‘ಮಲ್ಟಿಪ್ಲೈ ಎ ಬೈ ಬಿ ಗಿವಿಂಗ್ ಸಿ’ ಎಂಬ ವಾಕ್ಯದಲ್ಲಿ ವ್ಯಾಕರಣವಿದೆ, ವಿಷಯವಿಲ್ಲ. ‘ಬಡ್ಡಿ = ಬಾಕಿ × ದರ × ದಿನ / 36500’ ಎಂಬುದು ವಾಕ್ಯವೇ ಅಲ್ಲ, ಆದರೂ ಸಹಕಾರಿ ಸಂಘದ ಗುಮಾಸ್ತ ಒಂದು ನೋಟಕ್ಕೆ ತಲೆಯಾಡಿಸುತ್ತಾನೆ. ವಾಕ್ಯ ಉದ್ದವಾದ ಮಾತ್ರಕ್ಕೆ ಅರ್ಥ ತಿಳಿಯಾಗುವುದಿಲ್ಲ.

ಕೋಬಾಲ್‌ನ ಕೆಟ್ಟ ಮುಖ ‘ಆಲ್ಟರ್’ ಎಂಬ ಕ್ರಿಯಾಪದ. ಪ್ರೋಗ್ರಾಂ ಓಡುತ್ತಿರುವಾಗಲೇ ‘ಗೋ ಟು’ ಎಲ್ಲಿಗೆ ಹೋಗಬೇಕೆಂಬುದನ್ನು ಅದು ಬದಲಿಸುತ್ತಿತ್ತು. ಪುಟದಲ್ಲಿ ಒಂದು ದಾರಿ ಬರೆದಿದ್ದರೆ ಯಂತ್ರ ಹಿಡಿಯುವುದು ಇನ್ನೊಂದು. 1985ರ ಮಾನಕ ಅದನ್ನು ಬಳಕೆ ತಪ್ಪಿದ್ದೆಂದು ಸಾರಿತು, 2002ರದ್ದು ಕಿತ್ತೇ ಹಾಕಿತು. ಇನ್ನೊಂದು ಕಾಟ ಪೂರ್ಣವಿರಾಮದ್ದು: ‘ಇಫ್’ ಎಲ್ಲಿ ಮುಗಿಯುತ್ತದೆಂಬುದನ್ನು ಒಂದು ಚುಕ್ಕೆಯೇ ತೀರ್ಮಾನಿಸುತ್ತಿತ್ತು. ಸಾಲುಗಳನ್ನು ಎಷ್ಟೇ ಅಂದವಾಗಿ ಒಳಕ್ಕೆ ಸರಿಸಿ ಬರೆದರೂ, ಚುಕ್ಕೆ ತಪ್ಪಿದರೆ ಲೆಕ್ಕ ತಪ್ಪುತ್ತಿತ್ತು. ‘ಎಂಡ್-ಇಫ್’ ಬಂದದ್ದೂ 1985ರ ಮಾನಕದಲ್ಲೇ.

ಒಳ್ಳೆಯ ಮುಖವೂ ಇದೆ. 88ನೇ ಮಟ್ಟದ ಘೋಷಣೆಯಿಂದ ಒಂದೊಂದು ಬೆಲೆಗೂ ಒಂದೊಂದು ಹೆಸರು ಕೊಡಬಹುದು. ಬಂಟ್ವಾಳದ ಅಡಿಕೆ ವ್ಯಾಪಾರಿ ಚೀಟಿಯಲ್ಲಿ ‘ವಿಧ 4’ ಎಂದು ಬರೆಯುವುದಿಲ್ಲ. ಹೊಸ ಚೋಲ್, ಹಳೆ ಚೋಲ್, ಪಟೋರ, ಕರಿಗೋಟು ಎನ್ನುತ್ತಾನೆ. ಅವನ ಅಂಗಡಿಯ ಪ್ರೋಗ್ರಾಮಿನಲ್ಲಿ ‘ಇಫ್ ಟಿ = 4’ ಎಂದಿದ್ದರೆ ನಾಲ್ಕು ಯಾವುದೆಂದು ಬರೆದವನನ್ನೇ ಹುಡುಕಿಕೊಂಡು ಹೋಗಬೇಕು. ‘ಇಫ್ ಕರಿಗೋಟು’ ಎಂದಿದ್ದರೆ ಬೇಡ.

ಬರಿಯ ಸಂಖ್ಯೆಯ ಬೆಲೆ ದೊಡ್ಡದು. ಸಾಲ ಎಷ್ಟು ದಿನ ಸುಸ್ತಿಯಾದರೆ ಅನುತ್ಪಾದಕ ಎಂಬ ಗಡುವು ನಮ್ಮ ವಾಣಿಜ್ಯ ಬ್ಯಾಂಕುಗಳಿಗೆ 180ರಿಂದ 90 ದಿನಕ್ಕಿಳಿದದ್ದು 2004ರ ಮಾರ್ಚ್‌ನಲ್ಲಿ. ‘ಸುಸ್ತಿ-ಗಡುವು’ ಎಂಬ ಹೆಸರಿಟ್ಟು ಒಂದೇ ಕಡೆ ಬರೆದಿಟ್ಟ ಪ್ರೋಗ್ರಾಮಿಗೆ ಇದು ಒಂದು ಸಾಲಿನ ಕೆಲಸ. 180 ಎಂದು ಕಂಡಕಂಡಲ್ಲಿ ಬಿತ್ತಿದ್ದರೆ, ಯಾವ 180 ಸುಸ್ತಿಯದು, ಯಾವುದು ಠೇವಣಿಯ ಅವಧಿಯದು ಎಂದು ಕಲ್ಲು ಹೆಕ್ಕುವ ಕೆಲಸ.

ಅಬಾಪ್ ಬಳಗ ಮಾಡಿಕೊಂಡ ಎಡವಟ್ಟು ಬೇರೆ. ಅಲ್ಲಿ ಪ್ರತಿ ಹೆಸರಿಗೂ ‘ಎಲ್‌ವಿ’, ‘ಜಿಟಿ’ ಎಂಬ ಪೂರ್ವಪದ: ಇದು ಒಳಗಿನದೋ ಹೊರಗಿನದೋ, ಒಂಟಿ ಬೆಲೆಯೋ ಕೋಷ್ಟಕವೋ ಎಂದು ತಿಳಿಸಲು. ಕಂಪೈಲರ್‌ಗೆ ಮೊದಲೇ ಗೊತ್ತಿರುವುದನ್ನು ಓದುಗನಿಗೆ ಮತ್ತೆ ಮತ್ತೆ ಹೇಳಿ, ಅವನಿಗೆ ಬೇಕಾದದ್ದನ್ನು ‘ಎಎಂಟಿ1’, ‘ಎಎಂಟಿ2’ ಎಂದು ಹಾರಿಸಿಬಿಡುವುದು ಶಿಸ್ತಲ್ಲ, ಶಿಸ್ತಿನ ನಟನೆ. ಸ್ಯಾಪ್‌ನವರದೇ ‘ಕ್ಲೀನ್ ಅಬಾಪ್’ ಕೈಪಿಡಿ ಈ ಪೂರ್ವಪದಗಳನ್ನು ಬಿಡಿ ಎನ್ನುತ್ತದೆ.

ಹಾಗಾದರೆ ಪ್ರೋಗ್ರಾಮಿನೊಳಗೆ ಬರೆಯುವ ಟಿಪ್ಪಣಿ? ಧವಲಾ ಎಂಬುದೇ ಒಂದು ಟೀಕೆ. ಷಟ್ಖಂಡಾಗಮ ಎಂಬ ಜೈನ ಆಗಮದ ಸೂತ್ರಗಳಿಗೆ ಒಂಬತ್ತನೇ ಶತಮಾನದಲ್ಲಿ ವೀರಸೇನ ಬರೆದ ವ್ಯಾಖ್ಯಾನ ಅದು. ಸೂತ್ರವನ್ನು ಮರುಹೇಳುವುದಷ್ಟೇ ಅವನ ಕೆಲಸವಲ್ಲ. ಓದುಗನಿಗೆ ಬರಬಹುದಾದ ಶಂಕೆಯನ್ನು ತಾನೇ ಎತ್ತಿ ಸಮಾಧಾನ ಹೇಳುತ್ತಾನೆ. ನಮ್ಮ ಪ್ರೋಗ್ರಾಮಿನ ಟಿಪ್ಪಣಿ ‘ಇಲ್ಲಿ ಒಂದು ಕೂಡಿಸಿದೆ’ ಎನ್ನುತ್ತದೆ. ಕೂಡಿಸಿದ್ದು ಕಾಣುತ್ತದೆ, ಏಕೆ ಕೂಡಿಸಿದೆ? ಬಡ್ಡಿಗೆ ಸಾಲ ಕೊಟ್ಟ ದಿನವೂ ಲೆಕ್ಕಕ್ಕೆ ಬರುತ್ತದೆಯೋ? ಶಂಕೆಯೇ ಹುಟ್ಟದ ಕಡೆ ಟೀಕೆ ಬೇಡ, ಹುಟ್ಟುವ ಕಡೆ ಬಿಡಬಾರದು.

ಈ ವಿವೇಕ ಬೆಳೆಯಬೇಕಾದ ಜಾಗ ಲ್ಯಾಬ್. ನಾಡಿನುದ್ದಕ್ಕೂ ಇರುವ ‘ರೆಕಾರ್ಡ್’ ಪದ್ಧತಿ ಅದಕ್ಕೆ ನೆಲ ಕೊಡುತ್ತಿಲ್ಲ. ಹುಡುಗರು ಪ್ರೋಗ್ರಾಮನ್ನು ಕೈಯಲ್ಲಿ ನಕಲಿಸುತ್ತಾರೆ, ಔಟ್‌ಪುಟ್ ಬಂದರೆ ಸಹಿ ಬೀಳುತ್ತದೆ. ಪರೀಕ್ಷೆಯ ಮರುದಿನ ಸಾಯುವ ಪ್ರೋಗ್ರಾಮಿಗೆ ‘ಎ’, ‘ಬಿ’ ಸಾಕು. ಆದರೆ ಬ್ಯಾಂಕಿನ ಪ್ರೋಗ್ರಾಂ ಬರೆದವನ ನಿವೃತ್ತಿಯ ನಂತರವೂ ಓಡುತ್ತದೆ, ಅದನ್ನು ಓದುವವರು ಬೇರೆಯವರು. ವೈವಾದಲ್ಲಿ ಪಕ್ಕದವಳ ಪ್ರೋಗ್ರಾಮನ್ನು ಕೈಗಿತ್ತು, ‘ಇದು ಏನು ಮಾಡುತ್ತದೆ, ಹೇಳು’ ಎಂದು ಕೇಳುವ ಒಂದೇ ಪ್ರಶ್ನೆ ಸೇರಿಸಿ ನೋಡಬೇಕು. ಮುಂದಿನ ವಾರವೇ ಹೆಸರುಗಳು ಬದಲಾದಾವು.

1939ರಿಂದ ಧವಲಾ ಸಂಪುಟಗಳನ್ನು ಹಿಂದಿ ಅನುವಾದದೊಡನೆ ಹೊರತಂದ ಹೀರಾಲಾಲ್ ಜೈನ್ ಮತ್ತು ಸಂಗಡಿಗರಿಗೆ ಕೇಳಲು ವೀರಸೇನ ಇರಲಿಲ್ಲ. ಅವನು ಬರೆದಿಟ್ಟದ್ದು ಇತ್ತು, ಸಾಕಾಯಿತು. ಪ್ರಾಕೃತ ಕನ್ನಡದ ಲಿಪಿಯಲ್ಲಿ ಉಳಿದಂತೆ, ‘ಕರಿಗೋಟು’ ಇಂಗ್ಲಿಷ್ ಅಕ್ಷರದಲ್ಲಿ ಉಳಿದರೂ ಅಡ್ಡಿಯಿಲ್ಲ. ಅದು ‘4’ ಆಗದಿದ್ದರೆ ಸರಿ.