ಹಾಲುವಾಣ ಮತ್ತು ಕುಟ್ರು

ಸಕಲೇಶಪುರ, ಆಲೂರಿನ ಕಾಫಿ ತೋಟಗಳಲ್ಲಿ ಹಾಲುವಾಣ ಕಣ್ಣಿಗೆ ಬೀಳುವ ಮರ, ಕುಟ್ರು ಕಿವಿಗೆ ಬೀಳುವ ಹಕ್ಕಿ. ಚಳಿ ಹಿಂದೆ ಸರಿಯುವ ಹೊತ್ತಿಗೆ ಮರ ಎಲೆ ಉದುರಿಸಿ, ಬೋಳು ಕೊಂಬೆಗಳ ತುದಿಯಲ್ಲಿ ಕೆಂಪು ಹೂಗೊಂಚಲು ಹೊತ್ತು ನಿಲ್ಲುತ್ತದೆ. ಅದೇ ದಿನಗಳಲ್ಲಿ ಕುಟ್ರುಹಕ್ಕಿಯ ಕೂಗು ತೋಟ ತುಂಬಿದರೂ ಅದರ ಹಸಿರು ಮೈ ಪಕ್ಕದ ಮರದ ಎಲೆಗಳಲ್ಲಿ ಕರಗಿಹೋಗಿರುತ್ತದೆ. ಅಷ್ಟು ಸಣ್ಣ ಹಕ್ಕಿಗೆ ಈ ಗಂಟಲು ತುಸು ಹೆಚ್ಚೇ.

ಹಾಲುವಾಣದ ಹೊರಮೈ ಮುಳ್ಳು, ಒಳಗೆ ಬಲು ಮೆದು. ಮರಗೆಲಸಕ್ಕೆ ಒದಗದಿದ್ದರೂ ತೋಟಕ್ಕೆ ಅದರಷ್ಟು ಒದಗುವ ಮರ ಕಡಿಮೆ. ಗೂಟ ಕಡಿದು ನೆಟ್ಟರೆ ಸಾಕು, ಚಿಗುರುತ್ತದೆ; ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ.

ಕುಟ್ರುವಿನ ಬಂಡವಾಳ ಗಟ್ಟಿ ಕೊಕ್ಕು. ಒಣಗಿದ ಮೆದು ಕೊಂಬೆಯನ್ನು ಕುಟ್ಟಿ ಕುಟ್ಟಿ, ತನ್ನ ಮೈ ತೂರುವಷ್ಟೇ ದುಂಡನೆಯ ಬಾಯಿ ಕೊರೆದು, ಒಳಗೆ ಕೆಳಮುಖವಾಗಿ ಗೂಡು ತೋಡುತ್ತದೆ. ಅದು ಬಿಟ್ಟುಹೋದ ಪೊಟರೆಗೆ ಬೇರೆ ಹಕ್ಕಿಗಳು ಬಾಡಿಗೆಯಿಲ್ಲದೆ ಬರುತ್ತವೆ.

ಮರವೂ ನೆರಳು ಕೊಡುತ್ತದೆ, ಹಕ್ಕಿಯೂ ಕೊಡುತ್ತದೆ, ಬೇರೆ ದಾರಿಯಲ್ಲಿ. ಹಾಲುವಾಣವನ್ನು ಸಾಲಾಗಿ ನೆಡುವುದು ಆಳುಗಳ ಕೈ. ಅತ್ತಿ, ಬಸರಿ, ಗೋಣಿಯ ಹಣ್ಣು ತಿಂದು ಬೀಜವನ್ನು ಎಲ್ಲೆಂದರಲ್ಲಿ ಬೀಳಿಸಿ, ನಾಳೆಯ ನೆರಳಿನ ಮರಗಳನ್ನು ಬಿತ್ತುವುದು ಕುಟ್ರು.