ಹಿಮದ ಕಥೆಗೆ ವಸಂತದ ಧಾಟಿ

ಕ್ರಿಸ್ತನ ಜನನದ ಸುದ್ದಿಯನ್ನೇ ಎತ್ತದ ಕ್ರಿಸ್‌ಮಸ್ ಕ್ಯಾರಲ್ ಒಂದಿದೆ. ಅದರಲ್ಲಿ ಗೋದಲಿಯಿಲ್ಲ, ಕುರುಬರಿಲ್ಲ, ದೇವದೂತರೂ ಇಲ್ಲ. ‘ಗುಡ್ ಕಿಂಗ್ ವೆನ್ಸೆಸ್ಲಾಸ್’ನಲ್ಲಿರುವುದು ಒಬ್ಬ ಅರಸ, ಅವನ ಊಳಿಗದ ಹುಡುಗ ಮತ್ತು ಹಿಮದಲ್ಲಿ ಸೌದೆ ಆಯುವ ಒಬ್ಬ ಬಡವ. ಕಥೆ ನಡೆಯುವ ದಿನವೂ ಕ್ರಿಸ್‌ಮಸ್ ಅಲ್ಲ, ಅದರ ಮರುದಿನ. ಡಿಸೆಂಬರ್ 26 ಸಂತ ಸ್ಟೀಫನನ ಹಬ್ಬ. ಆದಿಸಭೆಯಲ್ಲಿ ವಿಧವೆಯರಿಗೆ ಊಟ ಹಂಚುವ ಹೊಣೆ ಹೊತ್ತ ಏಳು ಮಂದಿಯಲ್ಲಿ ಸ್ಟೀಫನ್ ಒಬ್ಬ. ದಾನದ ಕಥೆಗೆ ಇದಕ್ಕಿಂತ ತಕ್ಕ ದಿನ ಬೇರೆಲ್ಲಿದೆ?

ವೆನ್ಸೆಸ್ಲಾಸ್ 10ನೇ ಶತಮಾನದಲ್ಲಿ ಬೊಹೀಮಿಯಾವನ್ನು, ಅಂದರೆ ಇಂದಿನ ಜೆಕ್ ನಾಡಿನ ಒಂದು ಭಾಗವನ್ನು ಆಳಿದವನು. ಹಾಡು ಅರಸನೆಂದರೂ ಪದವಿಯಲ್ಲಿ ಅವನು ಡ್ಯೂಕ್; ಅಧಿಕಾರಕ್ಕಾಗಿ ಸ್ವಂತ ತಮ್ಮ ಬೊಲೆಸ್ಲಾವನೇ ಅವನನ್ನು ಕೊಲ್ಲಿಸಿದ. ರಾತ್ರಿ ಹೊತ್ತು ಬರಿಗಾಲಲ್ಲಿ ಹೊರಟು ಬಡವರಿಗೆ ದಾನ ಮಾಡುತ್ತಿದ್ದನೆಂಬ ಐತಿಹ್ಯ ಸಂತನೆನಿಸಿದ ಅವನ ಸುತ್ತ ಬೆಳೆಯಿತು.

ಈ ಐತಿಹ್ಯದ ಎಳೆ ಹಿಡಿದು ಹಾಡು ಕಟ್ಟಿದವರು ಜಾನ್ ಮೇಸನ್ ನೀಲ್. ಈ ಆಂಗ್ಲಿಕನ್ ಪಾದ್ರಿ ಈಸ್ಟ್ ಗ್ರಿನ್‌ಸ್ಟೆಡ್‌ನ ಸ್ಯಾಕ್ವಿಲ್ ಕಾಲೇಜಿನ ಮೇಲ್ವಿಚಾರಕರಾಗಿದ್ದರು. ಹೆಸರಿಗೆ ಕಾಲೇಜಾದರೂ ಅದು ಬಡ ವೃದ್ಧರ ಆಶ್ರಯಧಾಮ. ಬಡತನವನ್ನು ದಿನವೂ ಎದುರಿಗೇ ಕಂಡವರ ಹಾಡು ಇದು. 1853ರಲ್ಲಿ ಅಚ್ಚಾಯಿತು.

ಧಾಟಿ ಮಾತ್ರ ಇನ್ನೂ ಹಳೆಯದು. 1582ರಲ್ಲಿ ಅಚ್ಚಾದ, ಫಿನ್ಲೆಂಡಿನೊಡನೆ ನಂಟಿರುವ ‘ಪಿಯೆ ಕಾಂಟಿಯೋನೆಸ್’ ಸಂಕಲನದ ಪ್ರತಿಯೊಂದು ನೀಲ್ ಮತ್ತು ಅವರ ಸಂಗೀತಗಾರ ಗೆಳೆಯ ಥಾಮಸ್ ಹೆಲ್ಮೋರ್ ಅವರ ಕೈಸೇರಿತು. ಅದರಲ್ಲಿದ್ದ, ಹೂ ಅರಳುವ ಋತುವನ್ನು ಸ್ವಾಗತಿಸುವ ಲ್ಯಾಟಿನ್ ಹಾಡೊಂದರ ಧಾಟಿಗೆ ಅವರು ಹಿಮದ ಕಥೆ ಹೊಂದಿಸಿದರು. ವಸಂತದ ಧಾಟಿಯನ್ನು ಚಳಿಗಾಲಕ್ಕೆ ಎಳೆದುತಂದದ್ದು 1928ರ ‘ಆಕ್ಸ್‌ಫರ್ಡ್ ಬುಕ್ ಆಫ್ ಕ್ಯಾರಲ್ಸ್’ನ ಸಂಪಾದಕರಿಗೆ ಹಿಡಿಸಲಿಲ್ಲ. ಅವರ ಪಾಂಡಿತ್ಯದ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಅವರ ಮಾತನ್ನು ಒಪ್ಪಲಾರೆ.

ಕಾರಣ ಕೊನೆಯ ಮೂರು ಚರಣಗಳಲ್ಲಿದೆ. ಮಾಂಸ, ದ್ರಾಕ್ಷಾರಸ, ಪೈನ್ ಸೌದೆ ಹೊತ್ತು ಅರಸ, ಹುಡುಗ ಇಬ್ಬರೂ ಬಡವನ ಮನೆಗೆ ಹೊರಡುತ್ತಾರೆ. ಅರಸ ಕಾಣಿಕೆಯನ್ನು ಆಳಿನ ಕೈಲಿ ಕಳಿಸಿ ಬೆಚ್ಚಗೆ ಕೂರುವುದಿಲ್ಲ, ತಾನೇ ನಡೆಯುತ್ತಾನೆ. ಕತ್ತಲು ಕವಿಯುತ್ತದೆ, ಗಾಳಿ ಜೋರಾಗುತ್ತದೆ, ಹುಡುಗ ಇನ್ನು ಕೈಲಾಗದೆನ್ನುತ್ತಾನೆ. ನನ್ನ ಹೆಜ್ಜೆಯಲ್ಲೇ ಹೆಜ್ಜೆಯಿಡು ಎನ್ನುತ್ತಾನೆ ಅರಸ. ಆ ಹೆಜ್ಜೆಗುರುತುಗಳಲ್ಲಿ ನೆಲ ಬೆಚ್ಚಗಿರುತ್ತದೆ. ಸಂತನ ಪವಾಡ ಆ ಅಂಗಾಲಗಲದ ಬಿಸಿಯಷ್ಟೇ. ಹಿಮದ ನಡುವಿನ ಆ ಬಿಸಿ ವಸಂತವಲ್ಲದೆ ಇನ್ನೇನು? ಪದಗಳು ಚಳಿಯನ್ನು ಹೇಳುತ್ತಿರುವಾಗಲೇ ಧಾಟಿ ಅದರಡಿಯ ಬಿಸಿಯನ್ನು ಮೊದಲ ಸಾಲಿನಿಂದಲೂ ಕಾಯ್ದಿಟ್ಟುಕೊಂಡು ಬಂದಿರುತ್ತದೆ.

ಹಾಡಿನ ನಡೆಯೂ ನಡಿಗೆಯದೇ. ಹೆಚ್ಚಾಗಿ ಒಂದೇ ಅಳತೆಯ ಸ್ವರಗಳು ಒಂದರ ಹಿಂದೊಂದು ಬರುತ್ತವೆ; ಸಾಲುಗಳ ಕೊನೆಗೆ ಮಾತ್ರ ಎಳೆದುಕೊಳ್ಳುತ್ತವೆ. ಹಾಗಾಗಿ ಇದನ್ನು ಓಡಿಸಿ ಹಾಡಬಾರದು. ಅರಸನ ಮಾತಿಗೆ ಗಂಡಸಿನ ತಗ್ಗುದನಿ, ಹುಡುಗನ ಮಾತಿಗೆ ಎಳೆಯ ದನಿ, ಕಥೆಗೆ ಇಡೀ ವೃಂದ, ಹೀಗೆ ಪಾತ್ರ ಹಂಚಿದ ಗಾಯನವನ್ನೇ ಹುಡುಕಿ ಕೇಳಿ. ನಾಲ್ಕನೆಯ ಚರಣದಲ್ಲಿ ಎಳೆಯ ದನಿಗೆ ತಗ್ಗುದನಿ ಉತ್ತರಿಸುವಾಗ ನೀಲ್ ಹೇಳಹೊರಟದ್ದು ತಿಳಿಯುತ್ತದೆ: ಅರಸನ ದಾನ ಮೊದಲು ಮುಟ್ಟಿದ್ದು ಬಡವನ ಮನೆಯನ್ನಲ್ಲ, ಜೊತೆಗೆ ನಡೆದ ಹುಡುಗನನ್ನು.