ಮೊದಲ ಒಂದು ಗಂಟೆಯ ಪರವಾಗಿ

'ಅದ್ಭುತ ಸಿನಿಮಾ, ಆದರೆ ಮೊದಲ ಒಂದು ಗಂಟೆ ಹೇಗಾದರೂ ಸಹಿಸಿಕೊಳ್ಳಿ. ಲಾರಿಗಳು ಹೊರಟ ಮೇಲೆ ಉಸಿರಾಡಲಿಕ್ಕೂ ಪುರುಸೊತ್ತಿರುವುದಿಲ್ಲ.' ಆನ್ರಿ ಜಾರ್ಜ್ ಕ್ಲೂಝೋನ 'ದಿ ವೇಜಸ್ ಆಫ್ ಫಿಯರ್' (1953) ನೋಡಿ ಎಂದು ಈಗಿನವರಿಗೆ ಹೇಳುವ ಬಲ್ಲವರೆಲ್ಲ ಈ ಬಾಲಂಗೋಚಿ ಸೇರಿಸಿಯೇ ಸೇರಿಸುತ್ತಾರೆ. ಹೊಗಳುತ್ತಲೇ ಕ್ಷಮೆ ಕೇಳುವ ಈ ಚಾಳಿ ಕಂಡರೆ ನನಗೆ ಮೈಯುರಿ.

ಆ ಗಂಟೆಯಲ್ಲಿ ಏನೂ ನಡೆಯುವುದಿಲ್ಲವಂತೆ. ದಾರ ಕಟ್ಟಿದ ಜಿರಲೆಗಳನ್ನು ಪೀಡಿಸುತ್ತ ಕೂತ ಹುಡುಗನಿಂದ ಚಿತ್ರ ತೆರೆದುಕೊಳ್ಳುತ್ತದೆ. ಮುಂದೆ ಆ ಊರಿನಲ್ಲಿ ಸಿಕ್ಕಿಬಿದ್ದ ಗಂಡಸರ ಪಾಡೂ ಅದೇ. ದಕ್ಷಿಣ ಅಮೆರಿಕದ ಮೂಲೆಯ ಊರು, ಕೆಲಸವಿಲ್ಲ, ವಾಪಸು ಹೋಗಲು ವಿಮಾನದ ದುಡ್ಡಿಲ್ಲ. ಅಷ್ಟರಲ್ಲಿ ಅಮೆರಿಕದ ಕಂಪನಿಯ ಎಣ್ಣೆಬಾವಿಗೆ ಬೆಂಕಿ ಬೀಳುತ್ತದೆ. ಅದನ್ನು ಆರಿಸಲು ನೈಟ್ರೋಗ್ಲಿಸರಿನ್ ಬೇಕು, ಕುಲುಕಿದರೆ ಸಿಡಿಯುವ ಅದನ್ನು ಹದಗೆಟ್ಟ ಬೆಟ್ಟದ ದಾರಿಯಲ್ಲಿ ಲಾರಿಯಲ್ಲಿ ಒಯ್ಯಬೇಕು. ತಲಾ 2,000 ಡಾಲರ್. ಕಂಪನಿಗೆ ಬೇಕಾದದ್ದು ಸತ್ತರೆ ಕೇಳುವ ಸಂಘವೋ ಸಂಸಾರವೋ ಇಲ್ಲದವರು. 1955ರಲ್ಲಿ ಅಮೆರಿಕದಲ್ಲಿ ಬಿಡುಗಡೆ ಮಾಡಿದವರು ಇಂಥ ಭಾಗಗಳಿಗೇ ಕತ್ತರಿ ಹಾಕಿದರು. 'ನಿಧಾನ' ಎಂದು ಮೂಗು ಮುರಿಯುವವರಿಗಿಂತ ಆ ಕತ್ತರಿಗೇ ಚಿತ್ರ ಹೆಚ್ಚು ಅರ್ಥವಾಗಿತ್ತು!

ನನ್ನ ಪಕ್ಷಪಾತ ಮಾತ್ರ ಜೋ ಕಡೆಗೆ. ಎಲ್ಲರೂ ಈವ್ ಮೊಂತಾನ್‌ನ ಮಾರಿಯೋನನ್ನು ಕೊಂಡಾಡುತ್ತಾರೆ. ನನಗೆ ಆತ ಬರೀ ಚೆಲುವ. ಶಾರ್ಲ್ ವಾನೆಲ್‌ನ ಜೋ ಬಿಳಿ ಸೂಟು ತೊಟ್ಟು ವಿಮಾನದಿಂದ ಇಳಿಯುತ್ತಾನೆ, ಹೋಟೆಲಿನಲ್ಲಿ ಎದುರು ನಿಂತವನ ಕೈಗೆ ತನ್ನ ಪಿಸ್ತೂಲನ್ನೇ ಕೊಟ್ಟು ಸವಾಲು ಹಾಕುತ್ತಾನೆ. ಇಡೀ ಊರು ಅವನಿಗೆ ಮಣಿಯುತ್ತದೆ. ಅದೇ ಮನುಷ್ಯ ಲಾರಿ ಹತ್ತಿದ ಮೇಲೆ ಬೆವರಿ, ನಡುಗಿ, ನೆಪ ಹುಡುಕಿ ಓಡಲು ನೋಡುತ್ತಾನೆ. ಅಂಜುಬುರುಕನ ಪಾತ್ರವೆಂದು ಜ್ಯಾನ್ ಗಾಬಾನ್ ಇದನ್ನು ನಿರಾಕರಿಸಿದನೆಂಬ ಮಾತಿದೆ. ಮುಂದಿನ ಲಾರಿ ಸಿಡಿದಾಗ ಕ್ಲೂಝೋ ಮೊದಲು ತೋರಿಸುವುದು ಬೆಂಕಿಯನ್ನಲ್ಲ, ಜೋ ಸುತ್ತುತ್ತಿದ್ದ ಸಿಗರೇಟಿನ ಹೊಗೆಸೊಪ್ಪು ಕಾಗದದಿಂದ ಹಾರಿಹೋಗುವುದನ್ನು. ಮೊದಲ ಗಂಟೆ ಹಾರಿಸಿದವನಿಗೆ ಅವನು ಒಬ್ಬ ಕಿರಿಕಿರಿಯ ಮುದುಕ, ಅಷ್ಟೆ. ಆ ಪಿಸ್ತೂಲನ್ನು ಕಂಡವನಿಗೆ, ಎಣ್ಣೆಯ ಹೊಂಡದಲ್ಲಿ ಮಾರಿಯೋ ಅವನ ಕಾಲಿನ ಮೇಲೆಯೇ ಲಾರಿ ಹತ್ತಿಸುವಾಗ ಕರುಳು ಕಿವುಚುತ್ತದೆ.

ಫ್ರೀಡ್‌ಕಿನ್ 1977ರಲ್ಲಿ ಇದೇ ಕಥೆಯನ್ನು 'ಸಾರ್ಸರರ್' ಎಂದು ಮತ್ತೆ ತೆಗೆದ. ತೂಗುಸೇತುವೆಯ ದೃಶ್ಯ ಅಮೋಘ, ಒಪ್ಪಿದೆ. ಆದರೆ ಅವನು ಲಾರಿ ಹತ್ತುವ ನಾಲ್ವರಿಗೂ ಮೊದಲೇ ಒಂದೊಂದು ಪೂರ್ವಕಥೆ ಅಂಟಿಸಿ, ಯಾಕೆ ಇಲ್ಲಿಗೆ ಬಂದರೆಂದು ವಿವರಣೆ ಕೊಡುತ್ತಾನೆ. ಕ್ಲೂಝೋ ಕೊಡುವುದಿಲ್ಲ, ಕಾಯಿಸುತ್ತಾನೆ. ಇಂಡಿಯಾನಾ ಜೋನ್ಸ್‌ನ ವಂಶದವರಿಗಂತೂ ಕಾಯುವ ಪ್ರಮೇಯವೇ ಇಲ್ಲ: ಪೆಟ್ಟು ತಿಂದ ನಾಯಕ ಮುಂದಿನ ದೃಶ್ಯಕ್ಕೆ ಟೋಪಿ ಸರಿಮಾಡಿಕೊಂಡು ಹಾಜರು. ಅದನ್ನು ಸಾಹಸ ಎನ್ನುವುದಾದರೆ ಜೋ ಪಟ್ಟ ಪಾಡಿಗೆ ಏನನ್ನಬೇಕು?

ಇದು ಒಂದು ಫ್ರೆಂಚ್ ಸಿನಿಮಾದ ತಕರಾರಲ್ಲ. ನಮ್ಮಲ್ಲೂ ಇರುಳಿಡೀ ನಡೆಯುತ್ತಿದ್ದ ಯಕ್ಷಗಾನವನ್ನು ಕಾಲಮಿತಿಗೆ ಇಳಿಸುವಾಗ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಅಲ್ಲಿಯೂ ಕೇಳಿದ ಸಬೂಬು ಇದೇ: ಈಗಿನವರಿಗೆ ವ್ಯವಧಾನವಿಲ್ಲ. ಯಾರಿಗಿಲ್ಲ? ಎಂಟು ಕಂತಿನ ಸರಣಿಯನ್ನು ರಾತ್ರಿ ಕೂತು ಒಂದೇ ಪಟ್ಟಿಗೆ ಮುಗಿಸುವ ಹುಡುಗರಿಗೆ ಕ್ಲೂಝೋನ ಎರಡೂವರೆ ಗಂಟೆ ಯಾವ ಲೆಕ್ಕ? ಮೊದಲ ಗಂಟೆ ಬೇಸರ ಬರುತ್ತದೆಂದು ಅವರಿಗೆ ಹೇಳಿಕೊಟ್ಟವರು ಈ ಬಲ್ಲವರೇ.